ಮಡ್ ರೂಫ್‌ನವರ ಕೊನೆಯ ಹಾಡು

ಹಿರೇಕೆರೂರು
೧೨-೯-೧೯೮೩

ಸಹೋದರಿ ಮುಮ್ತಾಜಬೇಗಂ ಅವರಿಗೆ ಹೂವಪ್ಪನ ನಮಸ್ಕಾರ.

ನನ್ನ ಗುರುತು ನಿಮಗಿಲ್ಲ. ನಾನು ಇಲ್ಲಿಯ ಡಿಪೋದಲ್ಲಿ ಕಂಡಕ್ಟರ್, ಬೆಂಗಳೂರು ಗಾಡಿಯ ಮೇಲೆ ಡ್ಯೂಟಿ. ಸಂಜೆ ಅಲ್ಲಿ ಇಳಿದರೆ ಮರುದಿನ ಬೆಳಿಗ್ಗೆ ತಿರುಗಿ ಹೊರಡಬೇಕು. ಆ ಬಿಡುವಿನಲ್ಲಿ ಉಳಿದವರು ಸಿನಿಮಾಕ್ಕೆ ಹೋಗುತ್ತಾರೆ, ನಾನು ರಾಕ್ ಬ್ಯಾಂಡು ಎಲ್ಲಿ ಬಾರಿಸುತ್ತದೋ ಅಲ್ಲಿಗೆ ಹೋಗುತ್ತೇನೆ. ಪಾರ್ಕು, ಕಾಲೇಜಿನ ಮೈದಾನ, ಇಗರ್ಜಿಯ ಹಿಂದಿನ ಹಾಲ್, ಎಲ್ಲಿದ್ದರೂ ಸರಿ. ನನ್ನ ಹೆಂಡತಿ ಮಂಜವ್ವ 'ಇದು ಹಾಡೋ ಹಿಟ್ಟಿನ ಗಿರಣಿಯೋ' ಎಂದು ಕೇಳುತ್ತಾಳೆ. ಕೇಳಿದರೆ ಕೇಳಲಿ, ಆ ಗದ್ದಲದಲ್ಲಿ ನನ್ನ ಎದೆ ಹಗುರಾಗುತ್ತದೆ.

ನಿಮ್ಮ ತಮ್ಮ ಮೆಹಬೂಬನನ್ನು ನಾನು ಬಲ್ಲೆ. ಒಮ್ಮೆ ಗೋಣಿಚೀಲದಲ್ಲಿ ಏನನ್ನೋ ಸುತ್ತಿಕೊಂಡು ನನ್ನ ಗಾಡಿ ಹತ್ತಿದ. 'ಅದರಾಗ ಏನೈತಿ' ಎಂದೆ. 'ಗಿಟಾರ್ ಐತ್ರಿ, ತೊಡಿ ಮ್ಯಾಲ ಇಟ್ಕೋತೇನಿ, ಲಗೇಜ್ ಹಚ್ಚಬ್ಯಾಡ್ರಿ' ಎಂದ. ಮಾತು ಕೇಳಿದೊಡನೆ ನಮ್ಮ ಕಡೆಯವನೆಂದು ತಿಳಿಯಿತು. ಅವನ ಬ್ಯಾಂಡಿನ ಹೆಸರು ಮಡ್ ರೂಫ್. ಮಣ್ಣಿನ ಮಾಳಿಗೆ ಎಂದರ್ಥ, ನಮ್ಮ ಸವಣೂರಿನ ಮನೆಯದೇ ಹೆಸರು ಎಂದಿದ್ದ. ನಿಮ್ಮ ವಿಳಾಸವನ್ನೂ ಅವನೇ ಬರೆದುಕೊಟ್ಟಿದ್ದ: 'ನಮ್ಮಕ್ಕ ಸಾಲಿ ಟೀಚರ್ ಅದಾಳ, ನನಗೇನರ ಆದ್ರ ಒಂದ ಕಾರ್ಡ್ ಹಾಕ್ರಿ.'

ಜುಲೈಯಲ್ಲಿ ನಡೆದದ್ದು ನಿಮಗೆ ತಿಳಿದೇ ಇದೆ. ಮಳೆಯಲ್ಲಿ ನೆನೆದ ಸ್ಟೇಜು, ಕೈಯಲ್ಲಿ ಮೈಕು, ಕರೆಂಟು. ನಾನು ಅಲ್ಲಿದ್ದೆ. ಹೆಚ್ಚು ಬರೆಯಲಾರೆ.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಉಳಿದ ಮೂವರು ಹೊಸ ಹಾಡುಗಾರನನ್ನು ಸೇರಿಸಿಕೊಂಡು ಮತ್ತೆ ಶುರು ಮಾಡಿದ್ದಾರೆ. ಹಾಡುವುದೆಲ್ಲ ಮೆಹಬೂಬನ ಹಾಡುಗಳೇ. ಸುದ್ದಿ ಬೇಕೆಂದರೆ ಬರೆಯುತ್ತೇನೆ, ಬೇಡವಾದರೆ ಈ ಕಾಗದ ಹರಿದುಹಾಕಿರಿ. ಬೇಸರ ಮಾಡಿಕೊಳ್ಳುವುದಿಲ್ಲ.

ಹೂವಪ್ಪ


ಸವಣೂರು
೩೦-೯-೧೯೮೩

ಹೂವಪ್ಪ ಅಣ್ಣನವರಿಗೆ,

ಕಾಗದ ಹರಿಯಲಿಲ್ಲ. ಆದರೆ ಇನ್ನು ಮುಂದೆ ನಮ್ಮ ಮನೆಗೆ ಹಾಕಬೇಡಿ. ಪಕ್ಕದ ಮನೆಯ ಅಡಿವೆವ್ವ ಕಾಕೂನ ವಿಳಾಸ ಕೆಳಗೆ ಬರೆದಿದ್ದೇನೆ. ನಮ್ಮ ಅಬ್ಬಾನ ಮುಂದೆ ಹಾಡಿನ ಮಾತು ಎತ್ತುವಂತಿಲ್ಲ.

ಅವನು ಬೆಂಗಳೂರಿನಲ್ಲಿ ಹೋಟೆಲಿನ ಕೆಲಸಕ್ಕಿದ್ದಾನೆಂದೇ ಅಮ್ಮ ತಿಳಿದಿದ್ದಳು. ಅವನನ್ನು ತಂದ ದಿನ ಉದ್ದ ಕೂದಲಿನ ಮೂವರು ಹುಡುಗರು ಬಂದು ಅಂಗಳದಲ್ಲಿ ನಿಂತಿದ್ದರು. ಅವರನ್ನು ಯಾರೂ ಮಾತನಾಡಿಸಲಿಲ್ಲ. ಮಣ್ಣಾದ ಮೂರನೆಯ ದಿನ ಅಮ್ಮ ಲೈನ್‌ಮನ್‌ನನ್ನು ಕರೆಸಿ ಮನೆಯ ಕರೆಂಟಿನ ತಂತಿ ಕಡಿಸಿದಳು. ಅಂದಿನಿಂದ ನಮ್ಮಲ್ಲಿ ಕಂದೀಲು. ಶಾಲೆಯ ಪರೀಕ್ಷೆಯ ಪೇಪರುಗಳನ್ನು ಕಂದೀಲಿನ ಬೆಳಕಿನಲ್ಲೇ ತಿದ್ದುತ್ತೇನೆ.

ಅವನು ಹಾಡಿದ್ದನ್ನು ನಾನು ಒಮ್ಮೆಯೂ ಸ್ಟೇಜಿನ ಮೇಲೆ ಕೇಳಿಲ್ಲ. ಜನರಿಗೆ ಸೇರುತ್ತಿತ್ತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದನೇ? ಬರೆಯಿರಿ.

ಮುಮ್ತಾಜಬೇಗಂ


ಹಿರೇಕೆರೂರು
೧೮-೧೨-೧೯೮೩

ಸಹೋದರಿಗೆ ನಮಸ್ಕಾರ.

ಉಣ್ಣುತ್ತಿದ್ದ. ಬಸ್‌ಸ್ಟ್ಯಾಂಡಿನ ಹೊರಗೆ ರೊಟ್ಟಿ ಸಿಗುವ ಖಾನಾವಳಿಯನ್ನು ಅವನೇ ನನಗೆ ತೋರಿಸಿದ್ದು. ಜನರಿಗೂ ಸೇರುತ್ತಿದ್ದ. ಮೊದಮೊದಲು ಐವತ್ತು ಮಂದಿ ಇರುತ್ತಿದ್ದ ಕಡೆ ಕೊನೆಗೆ ಗೇಟಿನ ಹೊರಗೂ ಜನ ನಿಲ್ಲುತ್ತಿದ್ದರು.

ಕಳೆದ ವಾರ ಒಂದು ಹಾಲ್‌ನಲ್ಲಿ ಮಡ್ ರೂಫ್ ಬಾರಿಸಿತು. ನಾನು ಕಂಡಂತೆ ಬರೆಯುತ್ತೇನೆ. ಡ್ರಮ್ಮಿನವನು ಮೊದಲಿಗಿಂತ ಬಿಗಿಯಾಗಿದ್ದಾನೆ. ಗಿಟಾರಿನವನು ಹೊಸದೊಂದು ಪೆಟ್ಟಿಗೆ ತಂದಿದ್ದಾನೆ, ಕಾಲಿನಿಂದ ಒತ್ತಿದರೆ ತಂತಿಯ ಸದ್ದು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಒಡೆಯುತ್ತದೆ. ಹೊಸ ಹುಡುಗನ ಕಂಠ ಚೆನ್ನಾಗಿದೆ, ಇಲ್ಲವೆಂದರೆ ತಪ್ಪಾದೀತು. ಆದರೆ ಅವನು ಹಾಡನ್ನು ಜನರ ಮೇಲೆ ಎಸೆದುಬಿಡುತ್ತಾನೆ. ಮೆಹಬೂಬ ಅರ್ಧ ಕೊಟ್ಟು ಅರ್ಧ ತನ್ನಲ್ಲೇ ಹಿಡಿದುಕೊಳ್ಳುತ್ತಿದ್ದ, ಆ ಉಳಿದರ್ಧವನ್ನು ಕೇಳಲೆಂದೇ ನಾವು ಮತ್ತೆ ಹೋಗುತ್ತಿದ್ದೆವು.

ಎಲ್ಲಕ್ಕೂ ಕೊನೆಗೆ ಬಾರಿಸುವ ಹಾಡಿಗೆ 'ನೆವರ್ ಗೋ' ಎಂದು ಹೆಸರು. ಮಾತು ಅಷ್ಟು ತಿಳಿಯುವುದಿಲ್ಲ, ಗಿಟಾರಿನ ಅಬ್ಬರದಲ್ಲಿ 'ನೆವರ್ ಗೋ' ಎಂದಷ್ಟೇ ಕೇಳುತ್ತದೆ. ಡ್ರಮ್ಮು ನಮ್ಮ ಹಲಗಿಯಂತೆ ನಡೆಯುತ್ತದೆ. ದನಿ ಮೇಲೆ ಹತ್ತಿ, ಅಲ್ಲಿಂದ ಮೂರು ಸಲ ಇಳಿಯುತ್ತದೆ. ಬಾವಿಗೆ ಬಿಟ್ಟ ಕೊಡ ಗೋಡೆಗೆ ತಾಗಿ ತಾಗಿ ಇಳಿದ ಹಾಗೆ, ಒಂದೊಂದು ಇಳಿತದಲ್ಲೂ ಸ್ವಲ್ಪ ನಿಲ್ಲುತ್ತದೆ. ಇದು ಹೊರದೇಶದ ಹೊಸ ರೀತಿ ಎಂದು ಬೆಂಗಳೂರಿನ ಹುಡುಗರು ವಾದ ಮಾಡುತ್ತಾರೆ. ಈಗ ಹೊಸ ಹುಡುಗ ಎರಡನೆಯ ಇಳಿತಕ್ಕೇ ನಿಲ್ಲಿಸುತ್ತಾನೆ. ಮೂರನೆಯದನ್ನು ಯಾರೂ ಹಾಡುವುದಿಲ್ಲ. ಜುಲೈಯಲ್ಲಿ ಮೆಹಬೂಬನಿಗೆ ಅಲ್ಲಿಗೇ ನಿಂತಿತು, ಅದಕ್ಕೆ.

ರಾಣೆಬೆನ್ನೂರು ದಾಟಿ ಗಾಡಿ ಖಾಲಿಯಾದಾಗ ಹಿಂದಿನ ಸೀಟಿನಿಂದ ಯಾರೋ ಅದನ್ನು ಗುನುಗಿದಂತಾಗುತ್ತದೆ. ಟಿಕೆಟ್ ಲೆಕ್ಕ ಬರೆಯುತ್ತ ಕೂಡುತ್ತೇನೆ, ತಿರುಗಿ ನೋಡುವುದಿಲ್ಲ.

ಬೇರೆ ಸುದ್ದಿ: ಮದ್ರಾಸಿನ ರೆಡ್ ಸಿಗ್ನಲ್ ಬ್ಯಾಂಡು ಒಡೆದುಹೋಯಿತು. ಒಳ್ಳೆಯದೇ ಆಯಿತು, ಹೋದ ವರ್ಷವೇ ಅವರು ಮದುವೆ ಮನೆಗಳಲ್ಲಿ ಬಾರಿಸಲು ಶುರು ಮಾಡಿದ್ದರು. ಭಾನುವಾರ ಮಧ್ಯಾಹ್ನ ಶಾರ್ಟ್‌ವೇವ್‌ನಲ್ಲಿ ಇಂಗ್ಲೆಂಡಿನ ಎಳೆ ಹುಡುಗರ ಬ್ಯಾಂಡೊಂದನ್ನು ಕೇಳಿದೆ. ದೊಡ್ಡ ಕಂಪನಿಗಳನ್ನು ಬಿಟ್ಟು ತಾವೇ ರೆಕಾರ್ಡು ಮಾಡಿಸಿಕೊಳ್ಳುತ್ತಾರಂತೆ. ಮೆಹಬೂಬನಿಗೆ ಹೇಳಬೇಕೆಂದುಕೊಂಡೆ, ಆಮೇಲೆ ನೆನಪಾಯಿತು.

ಹೂವಪ್ಪ


ಸವಣೂರು
೯-೧-೧೯೮೪

ಹೂವಪ್ಪ ಅಣ್ಣನವರಿಗೆ,

ನಿಮ್ಮ ಕಾಗದವನ್ನು ಹಲವು ಸಲ ಓದಿದೆ. ಬ್ಯಾಂಡುಗಳ ವಿಷಯ ಅಷ್ಟು ತಿಳಿಯಲಿಲ್ಲ, ಆದರೂ ಓದಲು ಹಿತವಾಯಿತು. ಅವನೇ ಬಂದು ಮಾತಾಡಿದಂತಿತ್ತು.

ಒಂದು ವಿಷಯ ಕೇಳುತ್ತೇನೆ. ಆ ಕೊನೆಯ ಹಾಡಿನಲ್ಲಿ ದನಿ ಮೇಲೆ ಹತ್ತುವ ಮೊದಲು ಹಲಗಿಯ ಪೆಟ್ಟು ಒಂದು ತಪ್ಪುತ್ತದೆಯೇ? ಉಸಿರು ಹಿಡಿದಂತೆ? ಆ ಹಾಡು ಕ್ಯಾಸೆಟ್ಟಿನಲ್ಲಿ ಎಲ್ಲಾದರೂ ಇದ್ದರೆ ಕಳಿಸಿರಿ. ನಮ್ಮಲ್ಲಿ ಟೇಪ್‌ರೆಕಾರ್ಡರ್ ಇಲ್ಲ, ಅಡಿವೆವ್ವ ಕಾಕೂನಲ್ಲಿ ಸೆಲ್ ಹಾಕಿ ನಡೆಸುವುದೊಂದಿದೆ.

ಯಾಕೆಂದು ಈಗ ಕೇಳಬೇಡಿ.

ಮುಮ್ತಾಜ


ಹಿರೇಕೆರೂರು
೪-೩-೧೯೮೪

ಸಹೋದರಿಗೆ,

ನಿಮ್ಮ ಕಿವಿಗೆ ನಮಸ್ಕಾರ. ನಾನು ಅಷ್ಟು ಸಲ ಕೇಳಿದ್ದೇನೆ, ಒಂದು ಪೆಟ್ಟು ತಪ್ಪುವುದು ನನಗೆ ಹೊಳೆದಿರಲಿಲ್ಲ. ಹೋದ ಸಲ ಗಮನವಿಟ್ಟು ಕೇಳಿದೆ, ಹೌದು, ತಪ್ಪುತ್ತದೆ. ಕಾಗದದ ಮೇಲೆ ಓದಿಯೇ ಅಷ್ಟು ಕಂಡುಕೊಂಡಿರಿ. ಮನೆಯಲ್ಲಿ ಸಂಗೀತದ ಅಭ್ಯಾಸ ಇರಬೇಕು ಎಂದುಕೊಂಡೆ.

ಇದರೊಂದಿಗೆ ಕ್ಯಾಸೆಟ್ ಇದೆ. ಮಡ್ ರೂಫ್‌ನವರೇ ಬಿಡುಗಡೆ ಮಾಡಿದ್ದು. ಹೋದ ವರ್ಷದ ಬೇಸಿಗೆಯಲ್ಲಿ ಒಂದು ಗ್ಯಾರೇಜಿನಲ್ಲಿ ಅಭ್ಯಾಸ ಮಾಡುವಾಗ ಹಿಡಿದ ಹಾಡುಗಳು. ದನಿಯೆಲ್ಲ ಮೆಹಬೂಬನದೇ. ಹೊರಗೆ ಆಟೋ ಹೋಗುವ ಸದ್ದು, ಯಾರೋ ಕೆಮ್ಮುವುದು ಎಲ್ಲ ಇದೆ. ಹಾಗಿದ್ದರೂ ಮುಂಬೈಯವರು ಈ ತಿಂಗಳು ಹೊರತಂದ ನುಣ್ಣನೆಯ ಎಲ್.ಪಿ.ಗಳಿಗಿಂತ ಇದೇ ನನಗೆ ಹೆಚ್ಚು. ಕೊನೆಯ ಹಾಡು ಪೂರ್ತಿ ಇದೆ, ಮೂರನೆಯ ಇಳಿತವೂ ಇದೆ.

ಕೇಳಿ ನಿಮ್ಮ ಅಭಿಪ್ರಾಯ ಬರೆಯಿರಿ. ಕಾಯುತ್ತೇನೆ.

ಹೂವಪ್ಪ


ಹಿರೇಕೆರೂರು
೨೨-೭-೧೯೮೪

ಸಹೋದರಿಗೆ,

ನಾಲ್ಕು ತಿಂಗಳಾಯಿತು, ನಿಮ್ಮ ಕಾಗದವಿಲ್ಲ. ಕ್ಯಾಸೆಟ್ ಕಳಿಸಬಾರದಿತ್ತೇನೋ. ಅಥವಾ ನಿಮಗೆ ಮದುವೆ ಗೊತ್ತಾಗಿ, ಪರ ಗಂಡಸಿನ ಕಾಗದ ಮನೆಯವರ ಕಣ್ಣಿಗೆ ಬಿದ್ದಿತೇ? ಮಂಜವ್ವನನ್ನು ಕೇಳಿದೆ. 'ಸತ್ತಾಂವನ ದನಿ ಟಪಾಲದಾಗ ಕಳಿಸಿದರ ಯಾರ ಉತ್ತರಾ ಬರೀತಾರ' ಎಂದಳು. ಅವಳ ಮಾತು ನಿಜವೆನ್ನಿಸಿತು.

ಇಲ್ಲಿಯತನಕ ನಿಮಗೆ ಬರೆಯದ ಸಂಗತಿ ಒಂದಿದೆ. ಈಗಿನ ಪೋಸ್ಟರುಗಳಲ್ಲಿ ಮೆಹಬೂಬನ ಹೆಸರಿಲ್ಲ. ಹೊಸ ಹುಡುಗರು ಬರುತ್ತಾರೆ, ಹಾಡು ಈಗಿನವನದೇ ಎಂದುಕೊಂಡು ಕುಣಿಯುತ್ತಾರೆ. ಮೊನ್ನೆ ವರ್ಷ ತುಂಬಿದ ದಿನವೂ ಬಾರಿಸಿದರು. ಯಾರೂ ಅವನ ಹೆಸರೆತ್ತಲಿಲ್ಲ. ಡ್ರಮ್ಮಿನವನು ಮಾತ್ರ ಮುಗಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಕುಳಿತಿದ್ದ.

ಒಂದೇ ಸಾಲು ಬರೆದರೂ ಸಾಕು.

ಹೂವಪ್ಪ


ಸವಣೂರು
೧೪-೧೦-೧೯೮೪

ಹೂವಪ್ಪ ಅಣ್ಣನವರಿಗೆ,

ಕ್ಷಮಿಸಿ. ಮದುವೆಯೂ ಇಲ್ಲ, ಕೋಪವೂ ಇಲ್ಲ. ಹೇಗೆ ಬರೆಯುವುದೆಂದು ತಿಳಿಯದೆ ಇಷ್ಟು ದಿನ ಹೋಯಿತು. ಮೊನ್ನೆ ಮೊಹರಂ ಮುಗಿಯಿತು, ಈಗ ಬರೆಯಬಲ್ಲೆ.

ಅದು ಇಂಗ್ಲಿಷ್ ಹಾಡಲ್ಲ. ನಮ್ಮ ಅಬ್ಬಾನ ಹಾಡು.

ಅಬ್ಬಾ ಎಲೆಬಳ್ಳಿಯ ತೋಟದವರು. ಮೊಹರಂನಲ್ಲಿ ಊರ ನಡುವೆ ಅಲಾವಿಯ ಕುಣಿ ತೋಡಿ ಬೆಂಕಿ ಹಾಕುತ್ತಾರಲ್ಲ, ಅದರ ಸುತ್ತ ನಿಂತು ಕರ್ಬಲಾದ ಕಾಳಗದಲ್ಲಿ ನೀರಿಲ್ಲದೆ ಮಡಿದವರ ದುಃಖವನ್ನು ಕನ್ನಡದಲ್ಲಿ ಹಾಡುವ ರಿವಾಯತ ಪದಗಳಿಗೆ ಶಿಗ್ಗಾವಿಯಿಂದ ಹಾನಗಲ್ಲಿನ ತನಕ ನಮ್ಮ ಅಬ್ಬಾನನ್ನೇ ಕರೆಯುತ್ತಿದ್ದರು. ಈ ಪದವನ್ನು ಕಟ್ಟಿದವರೂ ಅವರೇ. ನಿಮ್ಮ ಹುಡುಗರು 'ನೆವರ್ ಗೋ' ಎಂದು ಕೇಳಿಸಿಕೊಂಡದ್ದು ಹೀಗಿದೆ:

ನೀರಿಗ್ಹೋ… ನೀರಿಗ್ಹೋದಾಂವ ಬರಲಿಲ್ಲ
ನೆರಳು ಬಂತು, ಅಂವ ಬರಲಿಲ್ಲ
ಬಾಗಿಲ ಹಾಕಬ್ಯಾಡ ಹಡದವ್ವ

ನಾಲ್ಕು ವರ್ಷದ ಹಿಂದಿನ ಮೊಹರಂನಲ್ಲಿ ಮೆಹಬೂಬ ಹುಬ್ಬಳ್ಳಿಯಿಂದ ಹಳೆಯ ಗಿಟಾರೊಂದನ್ನು ತಂದು, ಅಬ್ಬಾ ಈ ಪದ ಎತ್ತಿದಾಗ ಪಕ್ಕದಲ್ಲಿ ನಿಂತು ಬಾರಿಸತೊಡಗಿದ. ಅಬ್ಬಾ ಹಾಡು ನಿಲ್ಲಿಸಿ, ಗಿಟಾರನ್ನು ಅವನ ಕೈಯಿಂದ ಕಿತ್ತು ಅಲಾವಿಯ ಬೆಂಕಿಗೆ ಹಾಕಿದರು. ತಂತಿಗಳು ಒಂದೊಂದಾಗಿ ಹರಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಮೆಹಬೂಬ ಅಲ್ಲಿಂದಲೇ ಹೋದ. ಅಂದಿನಿಂದ ಅಬ್ಬಾ ಹಾಡಿಲ್ಲ. ಅವನು ಸತ್ತ ಮೇಲಂತೂ ಮಾತೂ ಕಡಿಮೆಯಾಯಿತು.

ಕ್ಯಾಸೆಟ್ ಬಂದಾಗ ಅಬ್ಬಾ ತೋಟಕ್ಕೆ ಹೋಗಿದ್ದಾರೆಂದು ತಿಳಿದು ನಾನೂ ಅಮ್ಮನೂ ಕಾಕೂನ ಮನೆಯಲ್ಲಿ ಕುಳಿತು ಹಚ್ಚಿದೆವು. ಕೊನೆಯ ಹಾಡು ಬಂದಾಗ ಅಮ್ಮ 'ಅಯ್ಯ, ಇದು ನಿಮ್ಮ ಅಬ್ಬಾನ ದನಿ' ಎಂದಳು. ತಲೆಯೆತ್ತಿದರೆ ಬಾಗಿಲಲ್ಲಿ ಅಬ್ಬಾ ಎಲೆಯ ಬುಟ್ಟಿ ಹಿಡಿದು ನಿಂತಿದ್ದರು. ಹಾಡು ಮುಗಿಯುವ ತನಕ ಕದಲಲಿಲ್ಲ. ಮುಗಿದೊಡನೆ ಬುಟ್ಟಿ ಹೊತ್ತು ಹೋದರು. ಆಮೇಲೆ ಏಳು ತಿಂಗಳು ಆ ಮಾತು ಮನೆಯಲ್ಲಿ ಬರಲಿಲ್ಲ.

ಮೊನ್ನೆ ಅಲಾವಿಯ ಬೆಂಕಿ ಆರಿದ ಮರುದಿನ ನನ್ನನ್ನು ಕರೆದು ಕೇಳಿದರು: 'ಆ ಪದ ಈಗ ಯಾರರ ಹಾಡ್ತಾರೇನವಾ?'

'ಹಾಡ್ತಾರ, ಅಬ್ಬಾ.'

'ಸರಿ ಹಾಡ್ತಾರ?'

ಹಾಡು ಕೇಳುವವರು ನೀವು. ಏನು ಹೇಳಲಿ?

ಮುಮ್ತಾಜ


ಹಿರೇಕೆರೂರು
೨೩-೧೨-೧೯೮೪

ಸಹೋದರಿಗೆ,

ನಿಮ್ಮ ಕಾಗದ ಓದಿ ಕ್ಯಾಸೆಟ್ ಹಚ್ಚಿದೆ. ಮಾತು ಗೊತ್ತಾದ ಮೇಲೆ ಎಲ್ಲ ಸ್ಪಷ್ಟವಾಗಿ ಕೇಳುತ್ತದೆ. ಕನ್ನಡದವನಾಗಿ ಇಷ್ಟು ದಿನ ನಾನೂ ಇಂಗ್ಲಿಷ್ ಎಂದುಕೊಂಡು ತಲೆಯಾಡಿಸಿದೆ. ಮಂಜವ್ವ ಕೇಳಿ, ಮೊದಲ ಬಾರಿಗೆ ಗಿರಣಿ ಎನ್ನಲಿಲ್ಲ. ಎದ್ದು ಒಳಗೆ ಹೋದಳು.

ಈಗ ದೊಡ್ಡ ಸುದ್ದಿ. ಮಂಜವ್ವನ ತಮ್ಮ ಹಾನಗಲ್ಲಿನಲ್ಲಿ ಕಾಲೇಜು ಓದುತ್ತಾನೆ. ಅವರ ವಾರ್ಷಿಕೋತ್ಸವದ ಗ್ಯಾದರಿಂಗಿಗೆ ಪ್ರತಿವರ್ಷ ಆರ್ಕೆಸ್ಟ್ರಾ ಕರೆಸುತ್ತಾರೆ. ಈ ಸಲ ಮಡ್ ರೂಫ್ ಕರೆಸಿರೆಂದು ನಾನು ಬೆನ್ನು ಬಿದ್ದೆ, ಒಪ್ಪಿದರು. ಜನವರಿ ಇಪ್ಪತ್ತರ ಭಾನುವಾರ, ಮಧ್ಯಾಹ್ನ ಮೂರಕ್ಕೆ, ಬಯಲಿನಲ್ಲಿ. ನಮ್ಮ ಸೀಮೆಯಲ್ಲಿ ಇಂಥದ್ದು ಮೊದಲ ಸಲ.

ಎಲ್ಲರೂ ಬನ್ನಿರಿ. ನಿಮಗಾಗಿ ಮುಂದಿನ ಸಾಲು ಹಿಡಿದಿಡುತ್ತೇನೆ.

ಹೂವಪ್ಪ


ಸವಣೂರು
೧೧-೧-೧೯೮೫

ಹೂವಪ್ಪ ಅಣ್ಣನವರಿಗೆ,

ಅಮ್ಮ ಬರುವುದಿಲ್ಲ. 'ಅಲ್ಲಿ ಮೈಕ್ ಇರತೈತಿ. ಇನ್ನೊಬ್ಬಾಕಿ ಮಗ ಅದನ್ನ ಹಿಡಕೊಂಡು ನಿಂತಿರ್ತಾನ, ನಾ ಹೆಂಗ ನೋಡಲಿ' ಎಂದಳು. ಅವಳನ್ನು ಬಿಟ್ಟು ನಾನೂ ಬರಲಾರೆ. ಅಬ್ಬಾನಿಗೆ ಸುದ್ದಿ ತಿಳಿಸಿದೆ. ಕೇಳಿಸಿಕೊಂಡಂತೆಯೂ ಕಾಣಲಿಲ್ಲ, ಎಲೆ ಎಣಿಸಿ ಕಟ್ಟು ಕಟ್ಟುತ್ತಿದ್ದರು.

ಮುಂದಿನ ಸಾಲು ಬೇರೆಯವರಿಗೆ ಕೊಡಿ.

ಮುಮ್ತಾಜ


ಹಿರೇಕೆರೂರು
೨೪-೧-೧೯೮೫

ಸಹೋದರಿಗೆ,

ಭಾನುವಾರ ನಿಮ್ಮ ಅಬ್ಬಾ ಎಲ್ಲಿಗೆ ಹೋಗಿದ್ದರೆಂದು ಮನೆಯಲ್ಲಿ ಹೇಳಿದರೋ ಇಲ್ಲವೋ ನಾನರಿಯೆ. ನೀವು ತಿಳಿಯಬೇಕು ಎಂದು ಬರೆಯುತ್ತಿದ್ದೇನೆ.

ಬಿಸಿಲು ಚೆನ್ನಾಗಿತ್ತು. ಆರ್ಕೆಸ್ಟ್ರಾ ಎಂದುಕೊಂಡು ಬಂದವರು ಮೊದಲ ಹಾಡಿಗೇ ಕಿವಿ ಮುಚ್ಚಿಕೊಂಡರು, ಕೆಲವರು ಎದ್ದು ಹೋದರು. ಹುಡುಗರು ಉಳಿದರು. ನಾಲ್ಕನೆಯ ಹಾಡಿನ ಹೊತ್ತಿಗೆ ಅವರು ಬೆಂಚು ಬಡಿಯತೊಡಗಿದ್ದರು. ಬೆಂಗಳೂರಿನ ಎಷ್ಟೋ ಶೋಗಳಲ್ಲಿ ಇರದ ಬಿಸಿ ಅಲ್ಲಿತ್ತು.

ಕೊನೆಯ ಹಾಡಿಗೆ ಡ್ರಮ್ಮು ಶುರುವಾಯಿತು. ಹೊಸ ಹುಡುಗ 'ನೆವರ್ ಗೋ' ಎಂದು ಎತ್ತಿದ. ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಕರೆಂಟು ಹೋಯಿತು. ಗಿಟಾರು ಸತ್ತಿತು, ಮೈಕು ಸತ್ತಿತು. ಹುಡುಗರು ಸಿಳ್ಳೆ ಹೊಡೆದರು. ಡ್ರಮ್ಮಿನವನು ಮಾತ್ರ ಬಾರಿಸುತ್ತಲೇ ಇದ್ದ. ಒಂದು ಪೆಟ್ಟು ತಪ್ಪಿಸಿದ.

ಆಗ ನನ್ನ ಬೆನ್ನ ಹಿಂದೆ ಮೆಹಬೂಬ ಹಾಡಿದ.

ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುವುದಿಲ್ಲ. ಅದೇ ದನಿ. ಅರ್ಧ ಕೊಟ್ಟು ಅರ್ಧ ಹಿಡಿದುಕೊಳ್ಳುವ ಅದೇ ರೀತಿ. ಗಾಡಿಯಲ್ಲಿ ಹಿಂದಿನ ಸೀಟಿನಿಂದ ಕೇಳಿದಾಗ ನಾನು ಎಂದೂ ತಿರುಗಿರಲಿಲ್ಲ. ಅಂದು ತಿರುಗಿದೆ. ಕಂಪೌಂಡಿನ ಬೇವಿನ ಗಿಡದ ಕೆಳಗೆ, ಎಲೆಯ ಬುಟ್ಟಿ ಕಾಲ ಬಳಿ ಇಟ್ಟು, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಕಣ್ಣು ಮುಚ್ಚಿ ನಿಂತಿದ್ದರು. ನೀರಿಗೆ ಹೋದವನು ಬರಲಿಲ್ಲ, ನೆರಳು ಬಂತು. ಸಿಳ್ಳೆ ನಿಂತಿತು. ಸ್ಟೇಜಿನ ಮೇಲೆ ಡ್ರಮ್ಮಿನವನ ಮುಖ ಬೆಳ್ಳಗಾಗಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಮೂರನೆಯ ಇಳಿತವನ್ನು ಆ ಹಿರಿಯರು ಹಾಡಿದರು. ಪೂರ್ತಿ ಹಾಡಿದರು. ಅಷ್ಟರಲ್ಲಿ ಕರೆಂಟು ಬಂದು ಸ್ಪೀಕರುಗಳು ಒಮ್ಮೆಲೇ ಗುಂಯ್ ಎಂದವು. ಎಲ್ಲರೂ ಬೆಚ್ಚಿ ಆ ಕಡೆ ನೋಡಿದೆವು. ಮತ್ತೆ ತಿರುಗಿದಾಗ ಗಿಡದ ಕೆಳಗೆ ಯಾರೂ ಇರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಓಡಿದೆ. ಸವಣೂರಿನ ಗಾಡಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಕುಳಿತು ನನ್ನ ಗುರುತು ಹೇಳಿದೆ.

'ಆ ಹುಡುಗಗ ತಿಳಿಸಿ ಹೇಳ್ರಿ' ಎಂದರು. 'ಅದು ನೀರು. ನೀರಿಗೆ ಹೋದಾಂವ. ಸಿಟ್ಟಿಲ್ಲ ನನಗ. ನನ್ನ ಮಗ ಸರಿ ಹಾಡಿದ್ದ, ಇವರಿಗೆ ಕೇಳಿಲ್ಲ.'

'ಹೇಳ್ತೇನ್ರಿ.'

ಬುಟ್ಟಿಯನ್ನು ಕಾಲ ಬಳಿ ಎಳೆದುಕೊಂಡು ಕೇಳಿದರು: 'ಒಮ್ಮಿಯರ ಊರಿಗೆ ಬರಬೇಕಂತ ಅನ್ನಲಿಲ್ಲೇನ್ರಿ ಅಂವ?'

ನಿಮಗೂ ಬರೆಯದ ಮಾತನ್ನು ಅವರಿಗೆ ಹೇಳಿದೆ. ಎಂಬತ್ತೆರಡರಲ್ಲಿ ನನ್ನ ಗಾಡಿ ಹಾವೇರಿಯ ತನಕ ಬರುತ್ತಿತ್ತು. ಒಮ್ಮೆ ಮೆಹಬೂಬ ಊರಿಗೆಂದು ಅದರಲ್ಲೇ ಬಂದು ಹಾವೇರಿಯಲ್ಲಿ ಇಳಿದ. ಸವಣೂರಿನ ಗಾಡಿ ಎರಡು ಹೋದವು, ಹತ್ತಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕುಳಿತಿದ್ದು, ನಾನು ತಿರುಗಿ ಹೊರಟಾಗ ನನ್ನ ಗಾಡಿಯನ್ನೇ ಹತ್ತಿದ.

'ಸಂತೀ ದಿನ ಆಗಿತ್ತೇನ್ರಿ?' ಎಂದರು. 'ಸಂತೀ ದಿನ ನಾ ಹಾವೇರ್ಯಾಗ ಎಲಿ ಮಾರ್ತೇನಿ. ಸ್ಟ್ಯಾಂಡಿನ ಬಾಜೂಕ ಕುಂತಿರ್ತೇನಿ.'

'ನೆನಪಿಲ್ಲರಿ' ಎಂದೆ.

ನೆನಪಿದೆ. ಸಂತೆಯ ದಿನವೇ. ಅದನ್ನು ಅವರಿಗೆ ತಿಳಿಸುವುದು ಬಿಡುವುದು ನಿಮಗೆ ಸೇರಿದ್ದು.

ಹೂವಪ್ಪ


ಸವಣೂರು
೧೭-೩-೧೯೮೫

ಹೂವಪ್ಪ ಅಣ್ಣನವರಿಗೆ,

ನಾನೂ ತಿಳಿಸಲಿಲ್ಲ. ಆದರೆ ಅಬ್ಬಾನಿಗೆ ಗೊತ್ತಿದೆ ಎನ್ನಿಸುತ್ತದೆ. ಈಗ ಹಾವೇರಿ ಸಂತೆಗೆ ಹೋದರೆ ಮೊದಲಿನ ಜಾಗದಲ್ಲಿ ಕೂಡುವುದಿಲ್ಲವಂತೆ. ಬಸ್ಸುಗಳು ಕಾಣುವ ಕಡೆ ಮುಖ ಮಾಡಿ ಕೂಡುತ್ತಾರೆ ಎಂದು ನಮ್ಮೂರಿನವರು ಹೇಳಿದರು.

ಮನೆಯಲ್ಲಿ ಆದದ್ದನ್ನು ಬರೆಯುತ್ತೇನೆ. ಹಾನಗಲ್ಲಿನಿಂದ ಬಂದ ಮೂರನೆಯ ದಿನದಿಂದ ಅಬ್ಬಾ ಹಾಡತೊಡಗಿದರು. ಮೊಹರಂ ಅಲ್ಲ, ಏನೂ ಅಲ್ಲ. ಮುಂಜಾನೆ ಎಲೆ ಕೊಯ್ಯುವಾಗ, ಹಿತ್ತಲಲ್ಲಿ ಕೈಕಾಲು ತೊಳೆಯುವಾಗ, ಅದೊಂದೇ ಪದ. ತಾವು ಹಾಡುತ್ತಿದ್ದೇವೆಂಬ ಎಚ್ಚರವೂ ಅವರಿಗೆ ಇದ್ದಂತಿಲ್ಲ. ನನಗೆ ಮೊದಲು ಸಂತೋಷವಾಯಿತು. ಅಮ್ಮನಿಗೆ ಆಗಲಿಲ್ಲ. ಮೊದಲ ದಿನ ಹಿತ್ತಲಿನಿಂದ ದನಿ ಬಂದಾಗ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ಬಾಗಿಲಿಗೆ ಓಡಿದಳು. ಅಬ್ಬಾನನ್ನು ಕಂಡು ಅಲ್ಲೇ ಕುಸಿದು ಕುಳಿತಳು. ಆಮೇಲೂ ಹಾಗೆಯೇ. ಪ್ರತಿ ಸಲ ಓಡುತ್ತಾಳೆ, ಪ್ರತಿ ಸಲ ಅಬ್ಬಾನ ಮುಖ ನೋಡಿ ಹಿಂದಿರುಗುತ್ತಾಳೆ. ನಾನು ಅವಳ ಕೈ ಹಿಡಿದುಕೊಂಡು ಕುಳಿತರೂ ಬಿಡಿಸಿಕೊಳ್ಳುತ್ತಾಳೆ.

ಕೊನೆಗೆ ನಾನೇ ಅಬ್ಬಾನಿಗೆ 'ಹಾಡಬ್ಯಾಡ್ರಿ, ಅಮ್ಮಗ ತ್ರಾಸ ಆಗಾಕತ್ತೈತಿ' ಎಂದೆ. 'ಹೌದೇನವಾ' ಎಂದು ಸುಮ್ಮನಾದರು. ಒಂದು ವಾರ ಮನೆಯಲ್ಲಿ ಸದ್ದಿರಲಿಲ್ಲ. ಆ ವಾರ ಅಮ್ಮ ಉಣ್ಣಲಿಲ್ಲ, ಒಂದೊಂದು ಸದ್ದಿಗೂ ಕಿವಿಗೊಟ್ಟು ಕೂಡುತ್ತಿದ್ದಳು.

ನಿನ್ನೆ ಸಂಜೆ ಅಬ್ಬಾ ತೋಟಕ್ಕೆ ಹೊರಟಾಗ ಅಮ್ಮ ಬಾಗಿಲಿಗೆ ಬಂದು ನಿಂತಳು.

'ಹಾಡ್ರಿ' ಎಂದಳು. 'ಹಾಡ್ರಿ ನೀವು. ಆದ್ರ ಇಲ್ಲಿ ಬ್ಯಾಡ. ತ್ವಾಟದ ಆ ತುದಿಗೆ ಹೋಗಿ ಹಾಡ್ರಿ, ನನಗ ನೀವು ಕಾಣಬಾರದು. ದೂರಿಂದ ಕೇಳಿದರ ಅಂವನ ಬರಾಕತ್ತಾನ ಅನಿಸ್ತೈತಿ.'

ಅಬ್ಬಾ ಟೊಪ್ಪಿಗೆ ಸರಿಮಾಡಿಕೊಂಡು ಹೋದರು. ಬಳ್ಳಿಗಳ ನಡುವೆ ಅವರು ಮರೆಯಾದ ಮೇಲೆ ದನಿ ಬಂತು. ಅಮ್ಮ ಹೊಸ್ತಿಲ ಮೇಲೆ ಕುಳಿತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದಾರಿ ನೋಡುತ್ತ ಕೇಳಿದಳು.

ಮುಮ್ತಾಜ